ಮನೆಯ ಕ್ಯಾಮೆರಾ ಯಾರ ಖಾತೆಯಲ್ಲಿದೆ?



ಕುಟುಂಬ ಮತ್ತು ಕಾನೂನು ಎಂಬುದು ಈ ದತ್ತಿ ಉಪನ್ಯಾಸದ ವ್ಯಾಪ್ತಿ. ಜೀವನಾಂಶದ ಬಗ್ಗೆ, ಮಕ್ಕಳ ಸುಪರ್ದಿನ ಬಗ್ಗೆ, ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಬಗ್ಗೆ ಈ ವೇದಿಕೆಯಲ್ಲಿ ನನಗಿಂತ ತಿಳಿದವರು ಮಾತಾಡಿ ಹೋಗಿದ್ದಾರೆ. ಅವುಗಳ ಪಕ್ಕದಲ್ಲಿ ನನ್ನ ವಿಷಯ ಚಿಲ್ಲರೆ ಎನಿಸಬಹುದು. ಗಂಡ ಹೆಂಡತಿ, ಅಥವಾ ಮದುವೆಯಿಲ್ಲದೆ ಒಟ್ಟಿಗಿದ್ದ ಇಬ್ಬರು, ಬೇರೆಯಾಗುತ್ತಾರೆ. ಒಬ್ಬರು ಮನೆ ಬಿಡುತ್ತಾರೆ, ಇನ್ನೊಬ್ಬರು ಉಳಿಯುತ್ತಾರೆ. ಬಾಗಿಲ ಮೇಲಿನ ಕ್ಯಾಮೆರಾ, ನಂಬರು ಒತ್ತಿದರೆ ತೆರೆಯುವ ಬೀಗ, ಹಾಲ್‌ನಲ್ಲಿ ಕೂತು ಹಾಡು ಹಾಕುವ ಸ್ಪೀಕರು ಅಲ್ಲೇ ಉಳಿಯುತ್ತವೆ. ಇನ್ನು ಮುಂದೆ ಅವು ಯಾರ ಮಾತು ಕೇಳುತ್ತವೆ?

ವಕೀಲರ ಕಚೇರಿಗೆ ಈ ಪ್ರಶ್ನೆ ಹೀಗೆ ನೇರವಾಗಿ ಬರುವುದಿಲ್ಲ. "ಭಾನುವಾರ ನಮ್ಮಣ್ಣ ಬಂದು ಹೋಗಿದ್ದು ಅವರಿಗೆ ಹೇಗೆ ಗೊತ್ತಾಯ್ತು ಮೇಡಂ?" ಎಂದು ಬರುತ್ತದೆ. ಕೇಳುವವರಿಗೆ ಕ್ಯಾಮೆರಾದ ಮೇಲೆ ಅನುಮಾನ ಇರುವುದಿಲ್ಲ. ಕೆಲಸದವಳ ಮೇಲೆ, ಎದುರು ಮನೆಯವರ ಮೇಲೆ, ಕೊನೆಗೆ ತಮ್ಮ ಬಾಯಿಯ ಮೇಲೇ ಅನುಮಾನ.

ಅಮೆರಿಕದ ಒಂದು ಪ್ರಸಂಗದಿಂದ ಶುರು ಮಾಡುತ್ತೇನೆ. ಮಯಾಮಿ ನಗರದ ಒಬ್ಬ ಗಂಡಸು ತನ್ನ ಗೆಳೆಯನಿಂದ ಬೇರೆಯಾದ. ಬಾಗಿಲಲ್ಲಿದ್ದದ್ದು ರಿಂಗ್ ಕಂಪನಿಯ ಕ್ಯಾಮೆರಾ ಇರುವ ಕರೆಗಂಟೆ. ಅದರ ಪಾಸ್‌ವರ್ಡನ್ನು ಬದಲಾಯಿಸಿದ, ಒಂದಲ್ಲ ಹಲವು ಸಲ. ಆದರೂ ಆ ಹಳೆಯ ಗೆಳೆಯ ತಿಂಗಳುಗಟ್ಟಲೆ ಬಾಗಿಲಿಗೆ ಬಂದು ಹೋಗುವವರನ್ನು ನೋಡುತ್ತಲೇ ಇದ್ದ, ದೃಶ್ಯಗಳನ್ನು ಇಳಿಸಿಕೊಳ್ಳುತ್ತಲೂ ಇದ್ದ. 2018ರ ಮೇ ತಿಂಗಳಲ್ಲಿ ದಿ ಇನ್‌ಫರ್ಮೇಷನ್ ಎಂಬ ಸುದ್ದಿಸಂಸ್ಥೆ ಇದನ್ನು ಬಯಲಿಗೆ ತಂದಿತು. ಒಮ್ಮೆ ಲಾಗಿನ್ ಆದ ಫೋನನ್ನು, ಪಾಸ್‌ವರ್ಡ್ ಬದಲಾದ ಮೇಲೂ ಆ್ಯಪ್ ಹೊರಗೆ ಹಾಕುತ್ತಿರಲಿಲ್ಲ. ಜನವರಿಯಲ್ಲೇ ಸರಿಪಡಿಸಿದ್ದೇವೆ ಎಂದು ಕಂಪನಿ ಹೇಳಿತು. ವರದಿಗಾರರು ತಾವೇ ಪರೀಕ್ಷೆ ಮಾಡಿದಾಗ ಹಳೆಯ ಫೋನು ಹೊರಬೀಳಲು ಗಂಟೆಗಳೇ ಹಿಡಿದವು. ಅಮೆಜಾನ್ ಈ ಕಂಪನಿಯನ್ನು ಕೊಂಡದ್ದು ಅದೇ ವರ್ಷ.

ಈ ಪ್ರಸಂಗವನ್ನು ಮೊದಲಿಗೆ ಇಟ್ಟದ್ದಕ್ಕೆ ಕಾರಣವಿದೆ. ಇಲ್ಲಿ ತೊಂದರೆಗೆ ಸಿಕ್ಕವನು ಗಂಡಸು, ತೊಂದರೆ ಕೊಟ್ಟವನೂ ಗಂಡಸು. ಇವತ್ತು ನಾನು ಹೆಚ್ಚಾಗಿ ಹೆಣ್ಣುಮಕ್ಕಳ ಬಗ್ಗೆಯೇ ಮಾತಾಡುತ್ತೇನೆ, ಏಕೆಂದರೆ ನಮ್ಮ ಮನೆಗಳಲ್ಲಿ ಈ ಯಂತ್ರಗಳನ್ನು ಹಾಕಿಸುವವರು ಬಹುಮಟ್ಟಿಗೆ ಗಂಡಸರು. ಆದರೆ ಯಂತ್ರಕ್ಕೆ ಆ ಭೇದವಿಲ್ಲ. ಮೊದಲು ತನ್ನನ್ನು ಜೋಡಿಸಿದವರು ಯಾರೋ ಅವರೇ ಅದಕ್ಕೆ ಯಜಮಾನರು.

ಮರುತಿಂಗಳು, 2018ರ ಜೂನ್‌ನಲ್ಲಿ, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಕೌಟುಂಬಿಕ ಹಿಂಸೆಯ ಸಹಾಯವಾಣಿಗಳಿಗೆ ಬರುತ್ತಿದ್ದ ಹೊಸ ಬಗೆಯ ಕರೆಗಳ ಬಗ್ಗೆ ಬರೆಯಿತು. ಒಬ್ಬಳು ಏಸಿ ಹಾಕಿದರೆ ಅದು ತಾನಾಗಿ ಆರುತ್ತಿತ್ತು. ಇನ್ನೊಬ್ಬಳ ಮುಂಬಾಗಿಲಿನ ಬೀಗದ ನಂಬರು ದಿನಕ್ಕೊಂದರಂತೆ ಬದಲಾಗುತ್ತಿತ್ತು. ಮತ್ತೊಬ್ಬಳ ಮನೆಯ ಕರೆಗಂಟೆ ಹೊಡೆದುಕೊಳ್ಳುತ್ತಿತ್ತು, ಹೋಗಿ ನೋಡಿದರೆ ಯಾರೂ ಇಲ್ಲ. ಮನೆ ಬಿಟ್ಟು ಹೋದವನು ಎಲ್ಲೋ ಕೂತು ಫೋನಿನಲ್ಲಿ ಬೆರಳಾಡಿಸುತ್ತಿದ್ದ, ಅಷ್ಟೇ.

ಇದನ್ನು ಓದುವಾಗ ನನಗೆ ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ನೆನಪಾಗುತ್ತಾಳೆ. ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದಾಗ ಕಲ್ಪನಾ ಆ ಪಾತ್ರ ಮಾಡಿದ್ದರು. ಒಮ್ಮೆ ಮನಸ್ಸು ಕೆಟ್ಟಿತ್ತು ಎಂದು ಹೆಸರಾದ ಹೆಂಗಸು ಆಮೇಲೆ ಏನು ಹೇಳಿದರೂ ಮನೆಯವರು ಆ ರೋಗದ ಮೂಲಕವೇ ಕೇಳಿಸಿಕೊಳ್ಳುತ್ತಾರೆ. ಈಗ ಯೋಚಿಸಿ: ಗಂಡನಿಂದ ಬೇರೆಯಾಗಿ, ನಿದ್ದೆಗೆಟ್ಟು, ವೈದ್ಯರ ಮಾತ್ರೆಯ ಮೇಲಿರುವ ಹೆಣ್ಣುಮಗಳು ಪೊಲೀಸ್ ಠಾಣೆಗೆ ಹೋಗಿ, "ಸಾರ್, ನಮ್ಮನೆ ಲೈಟು ರಾತ್ರಿ ಎರಡು ಗಂಟೆಗೆ ತಾನಾಗೇ ಹತ್ತಿಕೊಳ್ಳುತ್ತೆ" ಎಂದರೆ ಬರಹಗಾರ ಪೇದೆ ಏನು ಬರೆದುಕೊಳ್ಳುತ್ತಾನೆ? ಅದೇ ದೂರು ನಾಳೆ ವಿಚ್ಛೇದನದ ಮೊಕದ್ದಮೆಯಲ್ಲಿ ಅವಳ ಮಾನಸಿಕ ಸ್ಥಿತಿಗೆ ಪುರಾವೆಯಾಗಿ ಎದುರು ಪಕ್ಷದವರ ಕೈ ಸೇರಬಹುದು. ಕದ್ದು ನೋಡುವುದಕ್ಕಿಂತ ಈ ಎರಡನೆಯ ಏಟು ನನಗೆ ಹೆಚ್ಚು ಕ್ರೂರವಾಗಿ ಕಾಣುತ್ತದೆ.

ಬ್ರಿಟನ್ನಿನಲ್ಲಿ 2018ರಲ್ಲೇ ಒಬ್ಬನಿಗೆ 11 ತಿಂಗಳ ಜೈಲಾಯಿತು. ಅವನೂ ಹೆಂಡತಿಯೂ ಇದ್ದ ಮನೆಯ ದೀಪ, ಹೀಟರು, ಎಚ್ಚರಿಕೆ ಗಂಟೆ ಎಲ್ಲವನ್ನೂ ಗೋಡೆಗೆ ಹಾಕಿದ ಟ್ಯಾಬ್ಲೆಟ್ ಒಂದರಿಂದ ನಡೆಸುವ ವ್ಯವಸ್ಥೆ ಇತ್ತು. ಬೇರೆಯಾಗಿದ್ದ ಗಂಡ ಆ ಟ್ಯಾಬ್ಲೆಟ್ಟಿನ ಮೈಕನ್ನು ದೂರದಿಂದಲೇ ತೆರೆದು, ಹೆಂಡತಿ ತನ್ನ ತಾಯಿಯ ಜತೆ ಅಡುಗೆಮನೆಯಲ್ಲಿ ಆಡುತ್ತಿದ್ದ ಮಾತು ಕೇಳಿದ. ಅವನು ಯಾವ ಬೇಲಿಯನ್ನೂ ಹಾರಲಿಲ್ಲ, ಯಾರ ಗುಟ್ಟಿನ ಸಂಖ್ಯೆಯನ್ನೂ ಒಡೆಯಲಿಲ್ಲ. ಆ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದವನು ಮೊದಲಿನಿಂದಲೂ ಅವನೇ.

ಇಡೀ ವಿಷಯದ ಬೇರು ಇಲ್ಲಿದೆ. ನಾವು ಕಳ್ಳನನ್ನು ಹೊರಗಿಡಲು ಈ ಯಂತ್ರಗಳನ್ನು ಕೊಳ್ಳುತ್ತೇವೆ. ಅವನ್ನು ತಯಾರಿಸುವವರೂ ಕಳ್ಳ ಹೊರಗಿನಿಂದ ಬರುತ್ತಾನೆ, ಮನೆಯೊಳಗಿನವರದೆಲ್ಲ ಒಂದೇ ಮನಸ್ಸು ಎಂದು ಎಣಿಸಿಯೇ ತಯಾರಿಸುತ್ತಾರೆ. ಪೆಟ್ಟಿಗೆ ಬಿಚ್ಚಿ, ಹಿಂಭಾಗದ ಕ್ಯೂಆರ್ ಕೋಡನ್ನು ಮೊದಲು ಸ್ಕ್ಯಾನ್ ಮಾಡಿದ ಫೋನಿನವರು ಆ ಕ್ಯಾಮೆರಾದ ಮಾಲೀಕರಾಗುತ್ತಾರೆ. ಮನೆಯ ಉಳಿದವರು ಅವರ ಕೃಪೆಯಿಂದ ಸೇರಿದ ಸದಸ್ಯರು. ಮಾಲೀಕರು ಸದಸ್ಯರನ್ನು ಒಂದು ಗುಂಡಿ ಒತ್ತಿ ತೆಗೆಯಬಹುದು, ಸದಸ್ಯರು ಮಾಲೀಕರನ್ನು ತೆಗೆಯಲಾರರು. ಕ್ಯಾಮೆರಾ ಕಂಪನಿಯ ಸರ್ವರ್‌ಗೆ ಸದಾ ಅಂಟಿಕೊಂಡಿರುವುದರಿಂದ ಅದನ್ನು ನೋಡಲು ಮನೆಯ ವೈಫೈ ಬೇಕಿಲ್ಲ. ಮಾಲೀಕ ಬೆಳಗಾವಿಯಲ್ಲಿದ್ದರೂ ಸರಿ, ಬಹರೇನ್‌ನಲ್ಲಿದ್ದರೂ ಸರಿ.

ಇನ್ನೂ ಒಂದು ತೊಡಕಿದೆ. ಕ್ಯಾಮೆರಾ ಕಳುವಾದರೆ ಕಳ್ಳ ಅದನ್ನು ಬಳಸಬಾರದು ಎಂದು ಹಲವು ಕಂಪನಿಗಳು ಯಂತ್ರವನ್ನು ಮೊದಲ ಖಾತೆಗೆ ಗಂಟು ಹಾಕಿಬಿಡುತ್ತವೆ. ಮೊದಲ ಮಾಲೀಕರು ತಮ್ಮ ಆ್ಯಪಿನಿಂದ ತೆಗೆದುಹಾಕುವ ತನಕ ಬೇರೆ ಖಾತೆಗೆ ಸೇರಿಸಲು ಬರುವುದಿಲ್ಲ. ಮನೆಯಲ್ಲೇ ಉಳಿದ ಹೆಂಗಸು ಕ್ಯಾಮೆರಾದ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ಎಲ್ಲವನ್ನೂ ಅಳಿಸಿ, ಹೊಸದಾಗಿ ಜೋಡಿಸಲು ಹೊರಟರೆ, ಇದು ಇನ್ನೊಬ್ಬರಿಗೆ ಸೇರಿದ್ದು ಎಂಬ ಉತ್ತರ ಬರುತ್ತದೆ. ಕಳ್ಳನಿಗೆಂದು ಮಾಡಿದ ಕಟ್ಟು ಇವಳಿಗೆ ಬೀಳುತ್ತದೆ. ಆಗ ಉಳಿಯುವ ದಾರಿ ಎರಡೇ: ಬಿಲ್ಲು ಮತ್ತು ಸೀರಿಯಲ್ ನಂಬರು ಇಟ್ಟುಕೊಂಡು ಕಂಪನಿಗೆ ಬರೆಯುವುದು, ಇಲ್ಲವೇ ಅದನ್ನು ಕಿತ್ತು ಹಾಕಿ ಹೊಸದು ಕೊಳ್ಳುವುದು. ನನ್ನನ್ನು ಕೇಳಿದರೆ, ಸಾವಿರ ಎರಡು ಸಾವಿರದ ಕ್ಯಾಮೆರಾಕ್ಕಾಗಿ ಕಂಪನಿಯ ಜತೆ ಕಾಗದ ಪತ್ರದ ವ್ಯವಹಾರಕ್ಕೆ ಇಳಿಯುವ ಬದಲು ಕೀಳುವುದೇ ಸಲೀಸು. ಬೀಗದ ವಿಷಯ ಹಾಗಲ್ಲ, ಅದರ ಬೆಲೆಯೂ ಹೆಚ್ಚು, ಅಪಾಯವೂ ಹೆಚ್ಚು.

ನಮ್ಮ ನಾಡಿನಲ್ಲಿ ಇದಕ್ಕೆ ಒಬ್ಬ ಮೂರನೆಯವನೂ ಇದ್ದಾನೆ: ಕ್ಯಾಮೆರಾ ಹಾಕಿಕೊಟ್ಟ ಹುಡುಗ. ಮನೆಗೆ ನಾಲ್ಕು ಕ್ಯಾಮೆರಾ, ಒಂದು ಡಿವಿಆರ್ ಪೆಟ್ಟಿಗೆ ಹಾಕಿ, ತನ್ನ ಫೋನಿನಲ್ಲೇ ಖಾತೆ ತೆರೆದು, ಪಾಸ್‌ವರ್ಡನ್ನು ವಾಟ್ಸ್ಆ್ಯಪಿನಲ್ಲಿ ಯಜಮಾನರಿಗೆ ಕಳಿಸಿ ಹೋಗಿರುತ್ತಾನೆ. ಆ ಪಾಸ್‌ವರ್ಡು ಯಜಮಾನರ ತಮ್ಮನ ಬಳಿಯೂ ಇರುತ್ತದೆ, ಊರಲ್ಲಿರುವ ತಂದೆಯ ಬಳಿಯೂ ಇರುತ್ತದೆ. ಹೀಗಾಗಿ ಹಳೆಯ ಸಂಗಾತಿ ಎಂದರೆ ನಮ್ಮಲ್ಲಿ ಒಬ್ಬ ಮನುಷ್ಯನಲ್ಲ, ಒಂದು ಮನೆತನ.   

ಕ್ಯಾಮೆರಾ, ಬೀಗ, ಸ್ಪೀಕರು ಎಂದು ಪಟ್ಟಿ ಮಾಡುವಾಗ ನಾವು ಮರೆಯುವ ಎರಡು ವಸ್ತುಗಳಿವೆ. ಬೆಂಗಳೂರಿನ ಮಟ್ಟಿಗೆ ಇವೇ ಹೆಚ್ಚು ಗುಟ್ಟು ಬಿಟ್ಟುಕೊಡುವುವು ಎಂದು ನನ್ನ ಅನಿಸಿಕೆ.

ಮೊದಲನೆಯದು ಅಪಾರ್ಟ್‌ಮೆಂಟಿನ ಗೇಟಿನ ಆ್ಯಪ್. 2016ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಮೈಗೇಟ್ ಈಗ ಮನೆಮಾತು, ಅಂಥವು ಇನ್ನೂ ಇವೆ. ಗೇಟಿಗೆ ಯಾರೇ ಬಂದರೂ ಕಾವಲುಗಾರ ಫ್ಲ್ಯಾಟಿನ ನಂಬರು ಒತ್ತುತ್ತಾನೆ, ಆ ಫ್ಲ್ಯಾಟಿನ ಹೆಸರಿನಲ್ಲಿ ನೋಂದಾಯಿಸಿಕೊಂಡವರ ಫೋನಿಗೆ ಸೂಚನೆ ಹೋಗುತ್ತದೆ. ಮನೆ ಬಿಟ್ಟು ಹೋದವರ ಹೆಸರು ಆ ಪಟ್ಟಿಯಲ್ಲಿ ಹಾಗೇ ಇದ್ದರೆ, ಮನೆಗೆ ಬಂದ ಅಣ್ಣ, ಗೆಳತಿ, ವಕೀಲರ ಗುಮಾಸ್ತ, ಹಾಲಿನವನು, ಊಟ ತಂದ ಹುಡುಗ ಎಲ್ಲರ ಹೆಸರೂ ಹೊತ್ತೂ ಅವರಿಗೆ ಕೂತಲ್ಲೇ ತಲುಪುತ್ತದೆ. ಬೇಕೆಂದರೆ ಗೇಟಿನಲ್ಲೇ ಬೇಡ ಎಂದು ಕಳಿಸಿಬಿಡಬಹುದು. ಇದಕ್ಕೆ ಗೂಢಚಾರಿಕೆಯ ಉದ್ದೇಶವೇ ಬೇಕಿಲ್ಲ, ಸುಮ್ಮನಿದ್ದರೂ ಸುದ್ದಿ ಬಂದು ಬೀಳುತ್ತದೆ.

ಎರಡನೆಯದು ಕಾರಿನ ಗಾಜಿನ ಮೇಲಿನ ಫಾಸ್ಟ್ಯಾಗ್. 2021ರ ಫೆಬ್ರವರಿಯಿಂದ ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ ಅದು ಕಡ್ಡಾಯ. ಕಾರು ಹೆಂಡತಿಯ ಬಳಿ, ಫಾಸ್ಟ್ಯಾಗಿಗೆ ಜೋಡಿಸಿದ ಮೊಬೈಲು ಗಂಡನದು. ಸಾದಹಳ್ಳಿ ಟೋಲ್ ದಾಟಿದರೆ ವಿಮಾನ ನಿಲ್ದಾಣದ ರಸ್ತೆಯಲ್ಲಿದ್ದಾಳೆಂದೂ ನೆಲಮಂಗಲ ದಾಟಿದರೆ ತುಮಕೂರು ದಿಕ್ಕಿಗೆ ಹೊರಟಳೆಂದೂ ಬ್ಯಾಂಕೇ ಅವನಿಗೆ ಎಸ್ಸೆಮ್ಮೆಸ್ ಕಳಿಸುತ್ತದೆ. ಇದನ್ನು ಮನೆಯ ಭದ್ರತೆಯ ಉಪನ್ಯಾಸದಲ್ಲಿ ಏಕೆ ಎಳೆದು ತಂದಿರಿ ಎಂದು ಕೇಳಬಹುದು. ಫಾಸ್ಟ್ಯಾಗನ್ನು ತನ್ನ ಮೊಬೈಲಿಗೆ ಬದಲಿಸಿಕೊಳ್ಳುವ, ನೂರಾರು ರೂಪಾಯಿ ಖರ್ಚಿನಲ್ಲಿ ಮುಗಿಯುವ ಈ ಕೆಲಸ ಬಿಟ್ಟು ಮನೆಯ ಕ್ಯಾಮೆರಾ ಮಾತ್ರ ಬದಲಿಸಿದರೆ ಅರ್ಧ ಬಾಗಿಲು ಹಾಕಿದ ಹಾಗೆ, ಅದಕ್ಕೆ.

ಹಾಗಾದರೆ ಏನು ಮಾಡಬೇಕು? ಇಲ್ಲಿ ಕ್ರಮ ಮುಖ್ಯ, ಆತುರ ಅಪಾಯ. ಗೊತ್ತಾದ ತಕ್ಷಣ ಎಲ್ಲವನ್ನೂ ಕಿತ್ತೆಸೆಯಬೇಕು ಎನಿಸುತ್ತದೆ. ಆದರೆ ಕ್ಯಾಮೆರಾ ಆರಿದ ಕ್ಷಣವೇ ಹಳೆಯ ಸಂಗಾತಿಯ ಫೋನಿಗೆ ಸೂಚನೆ ಹೋಗಬಹುದು. ಕೈ ತಪ್ಪಿತು ಎಂದು ತಿಳಿದ ಹೊತ್ತಿನಲ್ಲಿ ಕೆಲವರು ನೇರವಾಗಿ ಬಾಗಿಲಿಗೆ ಬರುತ್ತಾರೆ. ಹೊಡೆತ, ಬೆದರಿಕೆಯ ಹಿನ್ನೆಲೆ ಇದ್ದಲ್ಲಿ ಮೊದಲು ಮನುಷ್ಯರ ವ್ಯವಸ್ಥೆ ಆಗಬೇಕು: ಆ ರಾತ್ರಿ ಜತೆಗೆ ಯಾರಿರುತ್ತಾರೆ, 112ಕ್ಕೆ ಕರೆ ಮಾಡುವವರು ಯಾರು, ಮಕ್ಕಳು ಎಲ್ಲಿರುತ್ತಾರೆ. ಯಂತ್ರದ ಕೆಲಸ ಆಮೇಲೆ. ನ್ಯೂಯಾರ್ಕಿನ ಕಾರ್ನೆಲ್ ಟೆಕ್ ಸಂಸ್ಥೆಯ ಸಂಶೋಧಕರು ಹಿಂಸೆಗೆ ಸಿಕ್ಕವರ ಫೋನು, ಖಾತೆಗಳನ್ನು ಕೂತು ಪರೀಕ್ಷಿಸಿಕೊಡುವ ಒಂದು ಉಚಿತ ಚಿಕಿತ್ಸಾಲಯದಂಥದ್ದನ್ನೇ ನಡೆಸುತ್ತಾರೆ. ಬಂದವರ ಸುರಕ್ಷತೆಯ ಯೋಜನೆ ಇಲ್ಲದೆ ಯಾವ ಗುಂಡಿಯನ್ನೂ ಒತ್ತಬಾರದು ಎಂಬುದು ಈ ಕೆಲಸದಲ್ಲಿರುವವರೆಲ್ಲ ಹೇಳುವ ಮಾತು.

ಆಮೇಲೆ ಸಾಕ್ಷ್ಯ. ಆ್ಯಪಿನಲ್ಲಿ ಯಾರು ಯಾರು ಸದಸ್ಯರಿದ್ದಾರೆ, ಯಾವ ಫೋನುಗಳು ಲಾಗಿನ್ ಆಗಿವೆ, ಬೀಗ ಯಾವಾಗ ಯಾರ ನಂಬರಿನಿಂದ ತೆರೆಯಿತು ಎಂಬುದೆಲ್ಲ ದಾಖಲಾಗಿರುತ್ತದೆ. ಅದನ್ನು ಅಳಿಸುವ ಮೊದಲೇ ಚಿತ್ರ ತೆಗೆದುಕೊಳ್ಳಬೇಕು, ಸಾಧ್ಯವಾದರೆ ಬೇರೆಯವರ ಫೋನಿನಿಂದ, ದಿನಾಂಕ ಕಾಣುವಂತೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ದಾಖಲೆಯ ಜತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಚಿತ್ರ ತೆಗೆದ ಫೋನನ್ನು ಮಾರಬೇಡಿ, ಬದಲಿಸಬೇಡಿ ಎಂದು ನಾವು ವಕೀಲರು ಗೋಗರೆಯುವುದು ಇದಕ್ಕೇ.

ಇನ್ನು ಬದಲಿಸುವ ಕೆಲಸ. ಎಲ್ಲರೂ ವೈಫೈನಿಂದ ಶುರು ಮಾಡುತ್ತಾರೆ. ಶುರುವಾಗಬೇಕಾದ್ದು ಇಮೇಲಿನಿಂದ. ಏಕೆಂದರೆ ಪಾಸ್‌ವರ್ಡ್ ಮರೆತಿದೆ ಎಂದು ಒತ್ತಿದರೆ ಹೊಸ ಪಾಸ್‌ವರ್ಡು ಬರುವುದು ಇಮೇಲಿಗೆ, ಅದರ ಒಟಿಪಿ ಬರುವುದು ಅಲ್ಲಿ ಬರೆದಿಟ್ಟ ಮೊಬೈಲಿಗೆ. ಮದುವೆಯ ಹೊಸತರಲ್ಲಿ ಗಂಡನೇ ಮಾಡಿಕೊಟ್ಟ ಇಮೇಲು, ಗಂಡನ ಹೆಸರಲ್ಲಿ ತೆಗೆದ ಸಿಮ್ಮು ಎಷ್ಟು ಮನೆಗಳಲ್ಲಿವೆ ಎಂದು ಲೆಕ್ಕ ಹಾಕಿ. ಆ ಸಿಮ್ಮಿನ ಬದಲು ಸಿಮ್ಮನ್ನು ಅವನು ಯಾವತ್ತು ಬೇಕಾದರೂ ಅಂಗಡಿಯಲ್ಲಿ ಪಡೆಯಬಲ್ಲ. ಆದ್ದರಿಂದ ಮೊದಲು ತನ್ನ ಆಧಾರ್ ಮೇಲೆ ತನ್ನದೇ ಸಿಮ್ಮು, ಅದಕ್ಕೆ ಜೋಡಿಸಿದ ಹೊಸ ಇಮೇಲು, ಎರಡು ಹಂತದ ಪರಿಶೀಲನೆ. ಇದನ್ನು ಮಾಡುವುದು ತಂಗಿಯ ಫೋನಿನಲ್ಲೋ ಗೆಳತಿಯ ಲ್ಯಾಪ್‌ಟಾಪಿನಲ್ಲೋ ಆಗಬೇಕು. ಅವನು ಕೊಡಿಸಿದ, ಅವನ ಖಾತೆಯಲ್ಲೇ ನಡೆಯುತ್ತಿರುವ ಫೋನಿನಲ್ಲಲ್ಲ.

ಆಮೇಲೆ ರೂಟರು. ವೈಫೈ ಪಾಸ್‌ವರ್ಡಷ್ಟೇ ಅಲ್ಲ, ರೂಟರಿನ ಒಳಗೆ ಹೋಗುವ ಅಡ್ಮಿನ್ ಪಾಸ್‌ವರ್ಡೂ ಬೇರೆಯಾಗಬೇಕು. ಇಂಟರ್ನೆಟ್ ಸಂಪರ್ಕ ಯಾರ ಹೆಸರಲ್ಲಿದೆಯೋ ಅವರಿಗೆ ಕಂಪನಿಯ ಆ್ಯಪಿನಿಂದಲೇ ಅದನ್ನು ಮತ್ತೆ ಬದಲಿಸಲು ಬರಬಹುದು, ಹಾಗಾಗಿ ಸಂಪರ್ಕವೂ ಹೊಸದಾಗಿ ತನ್ನ ಹೆಸರಿಗೆ ಬರುವುದು ಒಳ್ಳೆಯದು. ನಂತರ ಒಂದೊಂದೇ ಯಂತ್ರ: ಎಲ್ಲ ಫೋನುಗಳಿಂದ ಲಾಗೌಟ್, ಸದಸ್ಯರ ಪಟ್ಟಿ ಖಾಲಿ, ಬೀಗದಲ್ಲಿ ಹಳೆಯ ನಂಬರಷ್ಟೇ ಅಲ್ಲದೆ ಹಳೆಯ ಬೆರಳಚ್ಚು, ಕಾರ್ಡುಗಳೂ ಅಳಿಯಬೇಕು. ಡಿಜಿಟಲ್ ಬೀಗಕ್ಕೆ ಸಾಮಾನ್ಯವಾಗಿ ಮಾಮೂಲಿ ಬೀಗದ ಕೈಯೂ ಇರುತ್ತದೆ. ಅದು ಅವನ ಜೇಬಿನಲ್ಲಿದ್ದರೆ ಇಷ್ಟು ಹೊತ್ತು ಮಾಡಿದ್ದೆಲ್ಲ ದಂಡ. ಅಲೆಕ್ಸಾ ಸ್ಪೀಕರಿನಲ್ಲಿ ಡ್ರಾಪ್ ಇನ್ ಎಂಬ ಸೌಲಭ್ಯವಿದೆ. ಅನುಮತಿ ಪಡೆದವರು ಕರೆ ಮಾಡಿದರೆ ಈಚೆಯವರು ಎತ್ತುವ ಅಗತ್ಯವೇ ಇಲ್ಲದೆ ಕೋಣೆಯ ಸದ್ದು ಆಚೆ ಕೇಳುತ್ತದೆ. ಅದನ್ನು ಮುಚ್ಚಬೇಕು. ಮಗು ಶನಿವಾರ ಅಪ್ಪನ ಮನೆಗೆ ಹೋಗಿ ಭಾನುವಾರ ಬರುವುದಾದರೆ, ಜತೆಗೆ ಹೋಗಿ ಬರುವ ಟ್ಯಾಬ್ಲೆಟ್ಟನ್ನೂ ಹೊಸ ವೈಫೈಗೆ ಜೋಡಿಸುವ ಮುನ್ನ ಒಮ್ಮೆ ನೋಡಬೇಕು. ಆಪಲ್ ಫೋನು ಇರುವವರಿಗೆ 2022ರಿಂದ ಸೇಫ್ಟಿ ಚೆಕ್ ಎಂಬ ಸೌಲಭ್ಯವಿದೆ, ಯಾರ ಯಾರ ಜತೆ ಏನೇನು ಹಂಚಿಕೊಂಡಿದ್ದೀರಿ ಎಂಬುದನ್ನು ಒಂದೇ ಕಡೆ ತೋರಿಸಿ ಕಡಿದುಹಾಕುತ್ತದೆ. ಇಂಥದ್ದು ಪ್ರತಿ ಕ್ಯಾಮೆರಾ ಕಂಪನಿಯ ಆ್ಯಪಿನಲ್ಲೂ ಇರಬೇಕಿತ್ತು.

ಗೇಟಿನ ಆ್ಯಪಿನ ವಿಷಯಕ್ಕೆ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗೆ ಒಂದು ಪತ್ರ ಬೇಕು. ಅಲ್ಲಿ ಒಂದು ಪೇಚಿದೆ: ಫ್ಲ್ಯಾಟು ಗಂಡನ ಹೆಸರಲ್ಲಿದ್ದರೆ, ಮಾಲೀಕರನ್ನು ಪಟ್ಟಿಯಿಂದ ತೆಗೆಯುವುದು ಹೇಗೆ ಎಂದು ಸಂಘದವರು ಕೈ ಕಟ್ಟಿ ಕೂರುತ್ತಾರೆ. ಇಲ್ಲಿಗೆ ಕಾನೂನಿನ ಬಾಗಿಲು ತಟ್ಟಲೇಬೇಕಾಗುತ್ತದೆ.

ಕಾನೂನು ಏನನ್ನುತ್ತದೆ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಅರ್ಜಿ ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಮನೆಯೊಳಗಿನ ಹಿಂಸೆಯನ್ನು, ಗಂಡಾಳಿಕೆಯನ್ನು ಮುಚ್ಚಿಡುವ ಪರದೆಯಾಗಿ ಖಾಸಗಿತನ ಬಳಕೆಯಾಗಬಾರದು ಎಂಬ ಎಚ್ಚರವೂ ಆ ತೀರ್ಪಿನಲ್ಲಿದೆ. ಅದು ಮುಖ್ಯವಾಗಿ ಸರ್ಕಾರದ ಕೈ ಕಟ್ಟಿದ ತೀರ್ಪು. ಗಂಡ ಹೆಂಡಿರ ನಡುವೆ ಅದರ ಬೆಳಕು ಎಷ್ಟು ದೂರ ಬೀಳುತ್ತದೆ ಎಂಬುದು ಇನ್ನೂ ಮೆಲ್ಲಗೆ ತೀರ್ಮಾನವಾಗುತ್ತಿದೆ. 2023ರಲ್ಲಿ ನಮ್ಮ ಹೈಕೋರ್ಟಿನ ವಿಭಾಗೀಯ ಪೀಠ, ಮದುವೆಯಾದ ಮಾತ್ರಕ್ಕೆ ಸಂಗಾತಿಯ ಆಧಾರ್ ವಿವರ ಪಡೆಯುವ ಹಕ್ಕು ಬರುವುದಿಲ್ಲ, ಮದುವೆ ಒಬ್ಬರ ಖಾಸಗಿತನವನ್ನು ನುಂಗುವುದಿಲ್ಲ ಎಂದಿತು. ಅಲ್ಲಿ ವಿವರ ಕೇಳಿದ್ದವಳು ಹೆಂಡತಿ, ಜೀವನಾಂಶ ವಸೂಲಿಗಾಗಿ. 2025ರ ಜುಲೈ 14ರಂದು ಸುಪ್ರೀಂ ಕೋರ್ಟು ಇನ್ನೊಂದು ದಿಕ್ಕಿಗೆ ಹೊರಳಿದಂತೆ ಕಂಡಿತು. ಗಂಡ ಗುಟ್ಟಾಗಿ ಧ್ವನಿಮುದ್ರಿಸಿಕೊಂಡ ಹೆಂಡತಿಯ ಮಾತುಗಳನ್ನು ವಿಚ್ಛೇದನದ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಸ್ವೀಕರಿಸಬಹುದು ಎಂದು ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರಿದ್ದ ಪೀಠ ಹೇಳಿತು. ಒಬ್ಬರ ಮೇಲೊಬ್ಬರು ಬೇಹುಗಾರಿಕೆ ಮಾಡುವ ಹಂತಕ್ಕೆ ಬಂದಿದ್ದರೆ ಆ ಸಂಬಂಧ ಆಗಲೇ ಮುರಿದಿದೆ ಎಂಬುದು ಅದರ ತರ್ಕ. ತರ್ಕ ಸರಿಯೇ ಇರಬಹುದು. ಆದರೆ ಕ್ಯಾಮೆರಾದ ಕೀಲಿ ಕೈಯಲ್ಲಿರುವವರು ಇದನ್ನು ಪರವಾನಗಿ ಎಂದು ಓದಿಕೊಳ್ಳುತ್ತಾರೆ ಎಂಬುದು ನನ್ನ ಭಯ. ಕೋರ್ಟು ಸಾಕ್ಷ್ಯವೆಂದು ತೆಗೆದುಕೊಂಡ ಮಾತ್ರಕ್ಕೆ ಅದನ್ನು ಕದ್ದ ಬಗೆ ಶುದ್ಧವಾಗುವುದಿಲ್ಲ.

ಕ್ರಿಮಿನಲ್ ಕಾನೂನಿನಲ್ಲಿ ಕಿಂಡಿಗಳಿವೆ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮು ಕದ್ದು ನೋಡುವುದನ್ನು ಶಿಕ್ಷಿಸುತ್ತದೆ, ಆದರೆ ಅದು ಹೆಣ್ಣಿನ ಮೈ ಬಯಲಾಗುವ, ಶೌಚಾಲಯದ, ದಾಂಪತ್ಯದ ಖಾಸಗಿ ಕ್ಷಣಗಳಿಗೆ ಸೀಮಿತ. ಹಾಲ್‌ನಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿರುವವಳನ್ನು ಆರು ತಿಂಗಳು ನೋಡಿದರೆ ಆ ಕಲಮಿಗೆ ಅದು ಕಾಣದು. 78ನೇ ಕಲಮಿನ ಹಿಂಬಾಲಿಸುವಿಕೆಯಲ್ಲಿ ಹೆಣ್ಣಿನ ಇಂಟರ್ನೆಟ್, ಇಮೇಲ್ ಬಳಕೆಯ ಮೇಲೆ ಕಣ್ಣಿಡುವುದು ಸೇರಿದೆ. ಬಾಗಿಲ ಕ್ಯಾಮೆರಾ ಅದರೊಳಗೆ ಬರುತ್ತದೆಯೇ ಎಂದು ವಾದಿಸಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳು ಗಂಡು ಹೆಣ್ಣು ಎಂದು ನೋಡುವುದಿಲ್ಲ. ಅನುಮತಿಯಿಲ್ಲದೆ, ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಕಂಪ್ಯೂಟರ್ ವ್ಯವಸ್ಥೆಯೊಳಗೆ ಹೋದರೆ ಮೂರು ವರ್ಷದವರೆಗೆ ಜೈಲು ಅಥವಾ ಐದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಎದುರು ವಕೀಲರು ತಕ್ಷಣ ಬಿಲ್ಲು ತೋರಿಸುತ್ತಾರೆ: ಕ್ಯಾಮೆರಾ ನಮ್ಮ ಕಕ್ಷಿದಾರರದೇ, ಯಾರ ಅನುಮತಿ ಬೇಕು? ಇದಕ್ಕೆ ಉತ್ತರ ಕಾಯ್ದೆಯಲ್ಲೇ ಇದೆ. ಅನುಮತಿ ಕೊಡಬೇಕಾದವರು ಮಾಲೀಕರು ಅಥವಾ ಆ ವ್ಯವಸ್ಥೆಯ ಉಸ್ತುವಾರಿ ಹೊತ್ತವರು ಎಂದು 43ನೇ ಕಲಮು ಹೇಳುತ್ತದೆ. ಮನೆಯಲ್ಲಿ ವಾಸವಿದ್ದು, ಕರೆಂಟು ಬಿಲ್ಲು ಕಟ್ಟಿ, ವೈಫೈ ನಡೆಸುತ್ತಿರುವವಳೇ ಉಸ್ತುವಾರಿ ಹೊತ್ತವಳು ಎಂಬ ವಾದವನ್ನು ನಮ್ಮ ಕಿರಿಯ ವಕೀಲರು ಕೈಗೆತ್ತಿಕೊಳ್ಳಬೇಕು.

ಇವೆಲ್ಲಕ್ಕಿಂತ ಬೇಗ ಕೆಲಸಕ್ಕೆ ಬರುವುದು ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ. 2005ರಲ್ಲಿ ಇದನ್ನು ಬರೆದವರ ಕಣ್ಣ ಮುಂದೆ ಡಿಜಿಟಲ್ ಬೀಗ ಇರಲಿಲ್ಲ, ಆದರೂ ಮಾತುಗಳನ್ನು ಅಗಲವಾಗಿ ಇಟ್ಟಿದ್ದಾರೆ. ಭಾವನಾತ್ಮಕ ಹಿಂಸೆ ಅದರಲ್ಲಿದೆ. ಬಳಸುವ ಹಕ್ಕಿರುವ ಸೌಲಭ್ಯಗಳನ್ನು ತಡೆಹಿಡಿಯುವುದು ಆರ್ಥಿಕ ಹಿಂಸೆ ಎಂದಿದೆ. ಬೀಗದ ನಂಬರು ಬದಲಿಸಿ ಹೊರಗೆ ನಿಲ್ಲಿಸುವುದು ಅದಲ್ಲದೆ ಮತ್ತೇನು? ಅರ್ಜಿ ಹಾಕಲು ಹಿಂದೆ ಒಟ್ಟಿಗೆ ಬಾಳಿದ್ದರೂ ಸಾಕು, ಮದುವೆಯಂಥ ಸಂಬಂಧವಿದ್ದರೂ ಸಾಕು. ಮನೆ ಅವನ ತಂದೆ ತಾಯಿಯ ಹೆಸರಲ್ಲಿದ್ದರೂ ಅದು ಅವಳಿಗೆ ವಾಸದ ಹಕ್ಕಿರುವ ‘ಹಂಚಿಕೊಂಡ ಮನೆ’ಯಾಗಬಹುದು ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. 18ನೇ ಕಲಮಿನ ರಕ್ಷಣಾ ಆದೇಶದಲ್ಲಿ ಮ್ಯಾಜಿಸ್ಟ್ರೇಟರು ತಮಗೆ ಸೂಕ್ತ ಕಂಡ ಇತರ ಕೃತ್ಯಗಳನ್ನೂ ಹೆಸರಿಸಿ ನಿಷೇಧಿಸಬಹುದು, 23ನೇ ಕಲಮಿನಲ್ಲಿ ಮಧ್ಯಂತರವಾಗಿಯೂ ಕೊಡಬಹುದು. ಆದೇಶ ಮೀರಿದರೆ ಒಂದು ವರ್ಷದವರೆಗೆ ಸೆರೆ. ಹಾಗಿದ್ದರೂ ನಮ್ಮ ಅರ್ಜಿಗಳ ಪ್ರಾರ್ಥನೆಯಲ್ಲಿ ಏನು ಬರೆಯುತ್ತೇವೆ? ಪ್ರತಿವಾದಿಯು ಮನೆಯೊಳಗೆ ಪ್ರವೇಶಿಸದಂತೆ ಎಂದು ಬರೆಯುತ್ತೇವೆ. ದೂರದಿಂದ ಕ್ಯಾಮೆರಾ, ಬೀಗ, ಸ್ಪೀಕರು, ಗೇಟಿನ ಆ್ಯಪ್ ಇವುಗಳನ್ನು ತೆರೆಯದಂತೆ, ಅವುಗಳ ಖಾತೆಯನ್ನು ಅರ್ಜಿದಾರಳಿಗೆ ಬಿಟ್ಟುಕೊಡುವಂತೆ ಎಂದು ಬರೆಯುವುದಿಲ್ಲ. ಬರೆದರೆ ಸಂಘದ ಕಾರ್ಯದರ್ಶಿಯ ಕೈಗೂ ಒಂದು ಕಾಗದ ಸಿಗುತ್ತದೆ.

ಬೇರೆ ದೇಶಗಳು ಇಷ್ಟು ಹೊತ್ತಿಗೆ ಒಂದೆರಡು ಹೆಜ್ಜೆ ಇಟ್ಟಿವೆ. ಅಮೆರಿಕದ 2022ರ ಸೇಫ್ ಕನೆಕ್ಷನ್ಸ್ ಕಾಯ್ದೆಯ ಪ್ರಕಾರ, ಹಿಂಸೆಗೆ ಸಿಕ್ಕವರು ಕೇಳಿದ ಎರಡು ಕೆಲಸದ ದಿನಗಳೊಳಗೆ ಮೊಬೈಲ್ ಕಂಪನಿ ಅವರ ನಂಬರನ್ನು ಕುಟುಂಬದ ಖಾತೆಯಿಂದ ಬೇರ್ಪಡಿಸಬೇಕು. ಕ್ಯಾಲಿಫೋರ್ನಿಯಾ 2024ರಲ್ಲಿ ಇಂಟರ್ನೆಟ್ಟಿಗೆ ಜೋಡಿಸಿದ ಕಾರುಗಳ ವಿಷಯದಲ್ಲೂ ಅಂಥದೇ ಕಾನೂನು ಮಾಡಿತು. ಬ್ರಿಟನ್ ಒಟ್ಟಿಗೆ ವಾಸವಿಲ್ಲದ ಹಳೆಯ ಸಂಗಾತಿಯ ದಬ್ಬಾಳಿಕೆಯನ್ನೂ 2023ರಿಂದ ಅಪರಾಧದ ವ್ಯಾಪ್ತಿಗೆ ತಂದಿದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾತ್ರ ವ್ಯಕ್ತಿಯೊಬ್ಬ ಮನೆಯ, ಸ್ವಂತದ ಉದ್ದೇಶಕ್ಕೆ ಬಳಸುವ ಮಾಹಿತಿಯನ್ನು ಮೊದಲೇ ಹೊರಗಿಟ್ಟಿದೆ. ಮನೆಯೊಳಗೆ ಎಲ್ಲ ಚೆನ್ನಾಗಿರುತ್ತದೆ ಎಂಬ ಆ ಹಳೆಯ ನಂಬಿಕೆ ಇಲ್ಲಿಯೂ ಇದೆ.

ಹೊಸ ಕಾಯ್ದೆಗೆ ಕಾಯದೆ ನಾವೇ ಮಾಡಬಹುದಾದ ಒಂದು ಕೆಲಸ ಇದೆ, ನಾನು ಇವತ್ತು ಬಂದದ್ದು ಅದನ್ನು ಕೇಳಲು. ಅಣ್ಣತಮ್ಮಂದಿರು ಪಾಲಾಗುವಾಗ ನಮ್ಮ ಹಳ್ಳಿಯ ಪಾಲುಪಟ್ಟಿ ಬರೆಯುತ್ತಿದ್ದವರು ಗದ್ದೆ ತೋಟಗಳನ್ನಷ್ಟೇ ಹಂಚಿ ಸುಮ್ಮನಾಗುತ್ತಿರಲಿಲ್ಲ. ಬಾವಿಯ ನೀರು ಯಾರಿಗೆ ಎಷ್ಟು, ಕಣಕ್ಕೆ ಹೋಗುವ ದಾರಿ ಯಾರ ಹೊಲದಲ್ಲಿ, ಹಿತ್ತಿಲ ಬಾಗಿಲು ಇನ್ನು ಯಾರದು ಎಂದು ಬರೆಯುತ್ತಿದ್ದರು. ಮುಂದಿನ ಜಗಳ ಎಲ್ಲಿ ಹುಟ್ಟುತ್ತದೆ ಎಂದು ಅವರಿಗೆ ಗೊತ್ತಿತ್ತು. ಇವತ್ತು ಪರಸ್ಪರ ಒಪ್ಪಿಗೆಯ ವಿಚ್ಛೇದನದ ಅರ್ಜಿಗಳಲ್ಲಿ ಒಡವೆಯ ಗ್ರಾಂ ಲೆಕ್ಕವಿದೆ, ಫ್ರಿಜ್ಜಿನ ಮಾಡೆಲ್ ನಂಬರಿದೆ. ಕ್ಯಾಮೆರಾದ ಖಾತೆಯ ಒಂದು ಸಾಲಿಲ್ಲ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಲ್ಲಿ ಮೊದಲ ಮತ್ತು ಎರಡನೆಯ ಅರ್ಜಿಯ ನಡುವೆ ಕಾಯುವ ಆರು ತಿಂಗಳಿದೆಯಲ್ಲ, ಆ ಅವಧಿಯಲ್ಲೇ ಇಬ್ಬರೂ ಬೇರೆ ಬೇರೆ ಮನೆಯಲ್ಲಿದ್ದು ಒಂದೇ ಖಾತೆಯಲ್ಲಿ ಸಿಕ್ಕಿಕೊಂಡಿರುತ್ತಾರೆ.

ಆದ್ದರಿಂದ ಇಲ್ಲಿರುವ ವಕೀಲರಲ್ಲಿ, ನ್ಯಾಯದೇಗುಲದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರದಲ್ಲಿ ಕೂರುವ ಮಧ್ಯಸ್ಥಗಾರರಲ್ಲಿ ನನ್ನ ಕೋರಿಕೆ ಇಷ್ಟೇ. ಒಪ್ಪಂದದ ಮೆಮೊಗೆ ಇನ್ನೊಂದು ಅನುಸೂಚಿ ಸೇರಿಸಿ. ಕ್ಯಾಮೆರಾ, ಬೀಗ, ರೂಟರು, ಸ್ಪೀಕರು, ಗೇಟಿನ ಆ್ಯಪ್, ಫಾಸ್ಟ್ಯಾಗ್, ಸಿಮ್ಮು ಇವು ಯಾರ ಹೆಸರಿನಿಂದ ಯಾರ ಹೆಸರಿಗೆ, ಯಾವ ದಿನಾಂಕದೊಳಗೆ ಹೋಗಬೇಕು ಎಂದು ಬರೆಯಿಸಿ. ಹಳೆಯ ದೃಶ್ಯಗಳನ್ನು ಇಬ್ಬರೂ ಇಟ್ಟುಕೊಂಡಿಲ್ಲವೆಂದು ಅಫಿಡವಿಟ್ ತೆಗೆದುಕೊಳ್ಳಿ, ಮೊಕದ್ದಮೆಗೆ ಬೇಕಾದವನ್ನು ಕೋರ್ಟಿಗೇ ಒಪ್ಪಿಸಲಿ. ಇನ್ನೂ ಕೋರ್ಟಿನ ಮೆಟ್ಟಿಲು ಹತ್ತದ ಹೆಣ್ಣುಮಕ್ಕಳು ಈ ಸಭೆಯಲ್ಲಿದ್ದರೆ, ಮಹಿಳಾ ಸಹಾಯವಾಣಿಯ ಸಂಖ್ಯೆ 181. ಉಚಿತ ಕಾನೂನು ನೆರವಿಗೆ 15100, ಮಹಿಳೆಯರಿಗೆ ಅಲ್ಲಿ ಆದಾಯದ ಮಿತಿ ಇಲ್ಲ. ಈ ಕರೆಗಳನ್ನು ಮನೆಯ ಹಾಲ್‌ನಲ್ಲಿ ಕೂತು ಮಾಡಬೇಡಿ.